ಎರಡು ಒಲೆಗೆ ಒಂದು ಹಲಗೆ

ನಮ್ಮತ್ತೆಯ ಬಲ ಅಂಗೈಯಲ್ಲಿ ಗೆರೆಗಳಿರಲಿಲ್ಲ. ತೇಯ್ದು ತೇಯ್ದು ಸವೆದ ಸಾಣೆಕಲ್ಲಿನ ಹಾಗೆ ನುಣ್ಣಗಿತ್ತು. ನಾನು ಮದುವೆಯಾಗಿ ಪಾಂಡವಪುರಕ್ಕೆ ಬಂದ ಹೊಸತರಲ್ಲಿ ಕಣಿ ಹೇಳುವವಳೊಬ್ಬಳು ಜಗಲಿಯ ಮೇಲೆ ಕೂತು ಆ ಕೈಯನ್ನು ಬಿಡಿಸಿ ನೋಡಿದಳು. ಮೊರದಲ್ಲಿಟ್ಟ ಅಕ್ಕಿಯನ್ನೂ ಮುಟ್ಟದೆ ಗಂಟು ಎತ್ತಿಕೊಂಡು ಹೊರಟೇಹೋದಳು. "ಪಾಪ, ಅಕ್ಸರನೇ ಇಲ್ದಿದ್ರೆ ಅವ್ಳಾದ್ರೂ ಏನ್ ಓದಾಳು ಬುಡು," ಎಂದು ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ.

ಆ ಕೈ ಸವೆದದ್ದು ಒಲೆಯಿಂದ. ಗ್ಯಾಸ್ ಒಲೆ ಆರಿಸಿದ ಮೇಲೆ ಅದರ ಮೇಲೊಂದು ಮರದ ಹಲಗೆ ಮುಚ್ಚುವುದು ನಮ್ಮ ಮನೆಯ ಪದ್ಧತಿ. ಮುಚ್ಚುವ ಮೊದಲು ಅತ್ತೆ ಬರ್ನರಿನ ಮೇಲೆ ಅಂಗೈ ಒತ್ತಿ ನೋಡುತ್ತಿದ್ದರು. ಇನ್ನೂ ಬಿಸಿಯಿದ್ದರೂ ಕೈ ತೆಗೆಯುತ್ತಿರಲಿಲ್ಲ, ಅದು ತಣ್ಣಗಾಗುವ ತನಕ ಹಾಗೇ ನಿಂತಿರುತ್ತಿದ್ದರು. "ಒಲೆ ಆರೈತಾ ಇಲ್ವಾ ಅಂತ ಕಣ್ಣು ಸುಳ್ಳು ಯೋಳ್ತದೆ ಕಣವ್ವ. ಕೈ ಯೋಳಾಕಿಲ್ಲ." ಇದನ್ನು ಅವರು ನನಗೆ ಎಷ್ಟು ಸಲ ಹೇಳಿದ್ದರೋ. ಅತ್ತೆಯರು ಸೊಸೆಯರಿಗೆ ಸಾರಿನ ಹದ ಹೇಳಿಕೊಡುತ್ತಾರೆ, ನಮ್ಮತ್ತೆ ಒಲೆಯನ್ನು ಮಲಗಿಸುವುದು ಹೇಳಿಕೊಟ್ಟರು.

ಆ ಹಲಗೆ ಹುಟ್ಟಿದ್ದು ಜಾಗ ಸಾಲದೆ. ನಮ್ಮ ಮಾವ ಮತ್ತು ಅವರಣ್ಣ ಪಾಲಾದಾಗ ಮನೆಯ ನಡುವೆ ಗೋಡೆ ಎದ್ದಿತು. ಹಿತ್ತಲು ಅರ್ಧ, ಅಟ್ಟ ಅರ್ಧ, ಕೊನೆಗೆ ಅಡುಗೆಮನೆಯೂ ಅರ್ಧ. ನಮ್ಮ ಪಾಲಿಗೆ ಬಂದ ಅರ್ಧದಲ್ಲಿ ಎರಡು ಕೈ ಚಾಚಿದರೆ ಎರಡು ಗೋಡೆಯೂ ಸಿಗುತ್ತಿದ್ದವು. ಒಲೆಯಿಟ್ಟರೆ ಈಳಿಗೆಮಣೆಗೆ ಜಾಗವಿಲ್ಲ, ಈಳಿಗೆಮಣೆ ಇಟ್ಟರೆ ಮನುಷ್ಯರಿಗೆ ಜಾಗವಿಲ್ಲ. ಹಾಗಾಗಿ ಅತ್ತೆ ಒಲೆಯ ನೆತ್ತಿಯನ್ನೇ ಮಣೆ ಮಾಡಿದರು. ಹಲಸಿನ ಹಲಗೆ, ಅಡಿಯಲ್ಲಿ ಶಾಖ ತಾಕದಂತೆ ತಗಡು, ಗೋಡೆಗೆ ಕೀಲು. ಬೇಯಿಸುವಾಗ ಎತ್ತಿ ಕೊಂಡಿ ಹಾಕುವುದು, ಬೆಂದ ಮೇಲೆ ಇಳಿಸಿ ಅದರ ಮೇಲೇ ಹೆಚ್ಚುವುದು, ನಾದುವುದು, ಮುದ್ದೆ ಕಟ್ಟುವುದು.

ಅದನ್ನು ಕಂಡವರು ತಮಗೂ ಬೇಕೆಂದರು. ಗ್ಯಾಸು ಆಗತಾನೇ ಮನೆಮನೆಗೆ ಬರುತ್ತಿದ್ದ ಕಾಲ, ಬಾಡಿಗೆ ಮನೆಗಳ ಅಡುಗೆಕೋಣೆಗಳು ದೇವರಗೂಡಿನಷ್ಟೇ ಇರುತ್ತಿದ್ದವು. ಶ್ರೀರಂಗಪಟ್ಟಣದಿಂದಲೂ ಹೆಂಗಸರು ಬಂದು ಕರೆದುಕೊಂಡು ಹೋಗುತ್ತಿದ್ದರು. ಅತ್ತೆ ಟೇಪು ಹಿಡಿದವರಲ್ಲ. ಆ ಮನೆಯ ರಂಗೋಲಿ ಡಬ್ಬ ಕೇಳಿ, ನೆಲದ ಮೇಲೆ ಒಲೆ, ಹಲಗೆ, ಸಿಲಿಂಡರು ಎಲ್ಲವನ್ನೂ ಇದ್ದಷ್ಟೇ ದೊಡ್ಡದಾಗಿ ಬರೆಯುತ್ತಿದ್ದರು. ಆಮೇಲೆ ಆ ಗೆರೆಗಳ ನಡುವೆ ನಿಂತು, ಇಲ್ಲದ ಒಲೆ ಹಚ್ಚಿ, ಇಲ್ಲದ ಹುಳಿ ಕದಡಿ, ಇಲ್ಲದ ಹಲಗೆ ಇಳಿಸಿ ನೋಡುವರು. ಬರಿಗಾಳಿಯಲ್ಲಿ ಅಂಗೈ ಒತ್ತಿ, ಬಿಸಿ ತಾಕಿದವರಂತೆ ಹುಬ್ಬು ಗಂಟಿಕ್ಕುತ್ತಿದ್ದರು. ಎದ್ದು ಬರುವ ಮುನ್ನ ಎಲ್ಲ ಮನೆಯಲ್ಲೂ ಒಂದೇ ಪ್ರಶ್ನೆ: "ಒಲೆ ಮುಂದೆ ನಿಂತ್ರೆ ಬಾಗ್ಲು ಎಲ್ಲಿ ಬತ್ತದೆ?"

ಬಾಗಿಲು ಬೆನ್ನಿಗೆ ಬರುವಂತಿದ್ದರೆ ಗೆರೆ ಅಳಿಸಿ ಮತ್ತೆ ಬರೆಯುವರು. ಒಮ್ಮೆ ಒಬ್ಬ ಮನೆಯಜಮಾನ, ಅಡುಗೆ ಮಾಡುವವರು ಪೂರ್ವಕ್ಕೇ ಮುಖ ಮಾಡಬೇಕು, ಶಾಸ್ತ್ರವಿದೆ ಎಂದು ತಕರಾರು ತೆಗೆದ. ಅತ್ತೆ ತಲೆಯೆತ್ತದೆ ಗೆರೆ ಎಳೆಯುತ್ತಲೇ, "ಸೂರ್ಯ ಹಿಂದಿಂದ ಬರಾಕಿಲ್ಲ ಕಣಪ್ಪ. ಮನ್ಸ ಬತ್ತಾನೆ," ಎಂದರು. ಆ ಮನುಷ್ಯ ಹೊರಗೆ ಹೋಗಿ ಬೀಡಿ ಹಚ್ಚಿಕೊಂಡ.

ನಾನು ನಾಗಮಂಗಲದವಳು. ದೆವ್ವ ಭೂತ ನಂಬುವ ಪೈಕಿಯಲ್ಲ, ಬಾಯಿಯೂ ಸ್ವಲ್ಪ ಜೋರು. ಆದರೂ ಹೇಳುತ್ತೇನೆ, ಮೊದಲ ವರ್ಷ ಆ ಅಡುಗೆಮನೆಯಲ್ಲಿ ನಾನು ಅತ್ತೆಗೆ ಹೆದರಿದ್ದೆ. ಆಗ ಸೊಸೆಯಂದಿರು ಸ್ಟೌ ಸಿಡಿದು ಸಾಯುತ್ತಿದ್ದರು. ಅತ್ತೆಯರ ಸ್ಟೌ ಯಾವತ್ತೂ ಸಿಡಿಯುತ್ತಿರಲಿಲ್ಲ. ನನ್ನನ್ನು ಕಳಿಸಿಕೊಡುವಾಗ ನಮ್ಮವ್ವ ಕಿವಿಯಲ್ಲಿ, "ಸೀಮೆಣ್ಣೆ ವಾಸ್ನೆ ಬಂದ್ರೆ ಮುಸುರೆ ಹಂಗೇ ಬುಟ್ಟು ಬೀದಿಗೆ ಓಡ್ಬುಡು," ಎಂದಿದ್ದಳು. ಇಲ್ಲಿ ನೋಡಿದರೆ ಅತ್ತೆ ಇಡೀ ದಿನ ಒಲೆಯ ಸುತ್ತಲೇ ಸುಳಿಯುತ್ತಾರೆ, ಮೂಸುತ್ತಾರೆ, ಅದಕ್ಕೆ ಮಲಗು ಎನ್ನುತ್ತಾರೆ.

ಸೀಮೆಣ್ಣೆಯ ವಾಸನೆ ಬಂದದ್ದೂ ನಿಜ. ಕಬ್ಬು ಅರೆಯುವ ಕಾಲ, ಫ್ಯಾಕ್ಟರಿಯ ಕರಿಬೂದಿ ಬೀಳುತ್ತದೆಂದು ಕಿಟಕಿ ಹಾಕಿದ್ದೆ. ಮಟಮಟ ಮಧ್ಯಾಹ್ನ. ನಮ್ಮ ಮನೆಯಲ್ಲಿ ಸೀಮೆಣ್ಣೆಯೇ ಇರಲಿಲ್ಲ. ವಾಸನೆಯ ಹಿಂದೆಯೇ ಗೋಡೆಯ ಆ ಕಡೆಯಿಂದ ಸದ್ದು ಬಂತು, ಪಂಪ್ ಸ್ಟೌವಿಗೆ ಗಾಳಿ ಹೊಡೆಯುವ ಸದ್ದು. ಕುಸ್, ಕುಸ್, ಕುಸ್. ಆ ಕಡೆಯ ಅರ್ಧಮನೆಗೆ ನಾನು ಬರುವ ಮೊದಲೇ ಬೀಗ ಬಿದ್ದಿತ್ತು. ದೊಡ್ಡಮಾವ ಮಗನನ್ನು ಕರೆದುಕೊಂಡು ಮೈಸೂರು ಸೇರಿದ್ದರು. ನಾನು ಹೊರಗೆ ಓಡಿ ನೋಡಿದೆ. ಬೀಗ ತುಕ್ಕು ಹಿಡಿದು ಹಾಗೇ ನೇತಾಡುತ್ತಿತ್ತು, ಜೇಡ ಅದರ ಮೇಲೆ ಬಲೆ ಕಟ್ಟಿತ್ತು.

ಒಳಗೆ ಬಂದರೆ ಅತ್ತೆ ಗೋಡೆಗೆ ಹಣೆ ಒತ್ತಿ ನಿಂತಿದ್ದರು. "ನಿಂಗೂ ಕೇಳ್ತಾ?" ಎಂದರು. ಇಲಿಯಿರಬೇಕು ಅತ್ತೆ ಎಂದೆ. ಅವರು ಹಣೆಗಂಟಿದ ಸುಣ್ಣ ಒರೆಸಿಕೊಳ್ಳುತ್ತ, "ಇಲಿನೇ ಅಂದ್ಕೊಳವ್ವ. ನೀನಾರ ನಿದ್ದೆ ಮಾಡು," ಎಂದರು.

ಮುಂದಿನ ವರ್ಷ ದೊಡ್ಡಮಾವ ಮೈಸೂರಿನಲ್ಲೇ ತೀರಿಕೊಂಡರು. ಅದಾದ ಕೆಲವು ತಿಂಗಳಿಗೆ ಅವರ ಮಗ ಬೀಗ ತೆಗೆದ. ಲಾರಿ ಡ್ರೈವರ್ ಆಗಿದ್ದ. ಲಾರಿಯಿಂದ ಮೊದಲು ಒಂದು ಟ್ರಂಕು, ಒಂದು ಪಂಪ್ ಸ್ಟೌ ಇಳಿದವು, ಆಮೇಲೆ ಹೊಸ ಹೆಂಡತಿ ಇಳಿದಳು. ಅರಿಸಿನ ಮಾಸದ ತಾಳಿ, ಸಣ್ಣ ಮುಖ. ಅತ್ತೆ ಅದನ್ನು ಜಗಲಿಯಿಂದ ನೋಡಿ ಒಳಗೆ ಬಂದು ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತರು. ಆವತ್ತೇ ನನಗೆ ಎಲ್ಲವನ್ನೂ ಹೇಳಿದ್ದು.

"ಗೋಡೆ ಎತ್ತಿಸ್ದಾಗ ನಿಮ್ಮಾವ, ಅವ್ರಣ್ಣ ಇಬ್ರೂ ಕರ್ಪೂರ ಹಚ್ಚಿ, ಅಂಗೈಲಿ ಬಡ್ದು ಆರ್ಸಿ ಆಣೆ ಇಟ್ರು ಕಣವ್ವ. ಒಬ್ರ ಹೊಸ್ಲು ಇನ್ನೊಬ್ರು ತುಳುದ್ರೆ, ತುಳ್ದೋರ ಮಕ್ಳು ಉಳಿಯಾಕಿಲ್ಲ ಅಂತ. ನಂಗಿದ್ದೋನು ಒಬ್ನೇ ಮಗ. ಈಗ ಲಾರೀಲಿ ಬಂದ್ನಲ್ಲ, ಅವ್ನಿಗೆ ಮೊದ್ಲೊಬ್ಳು ಎಂಡ್ರು ಇದ್ಳು, ಒಂದಿನ ಮಧ್ಯಾನ ಆ ಕಡೆಯಿಂದ ಕೂಗ್ತು ಆ ಕೂಸು. ಅವ್ವ ಅನ್ಲಿಲ್ಲ, ಅಪ್ಪ ಅನ್ಲಿಲ್ಲ. 'ಚಿಕ್ಕತ್ತೇ, ಬನ್ನಿ' ಅಂತು. ಅವ್ರ ಹೊಸ್ಲು ಗಂಟ ಓಡ್ದೆ. ಬಾಗ್ಲು ತೆಗ್ದಿತ್ತು. ಅವ್ನು ಸೀಮೆಣ್ಣೆ ಡಬ್ಬ ಇಡ್ಕೊಂಡು ಅವ್ಳ ಹಿಂದ್ಗಡೆ ನಿಂತಿದ್ದ. ಕಾಲೆತ್ತಿದೆ. ನನ್ ಮಗನ ಮುಖ ಕಣ್ಮುಂದೆ ಬಂತು. ಎತ್ತಿದ್ ಕಾಲು ಅಂಗೇ ನಿಂತ್ಬುಡ್ತು."

ಪೊಲೀಸರು ಕೇಳಿದಾಗ ಅತ್ತೆ, ಮಲಗಿದ್ದೆ ಅಂದರಂತೆ. ಸ್ಟೌ ಸಿಡಿಯಿತು ಎಂದು ಎಲ್ಲರೂ ಹೇಳಿದರು, ಹಾಗೇ ಬರೆದುಕೊಂಡು ಹೋದರು.

ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಒಂದು ಹೊಸ್ತಿಲು ದಾಟಲಾರದೆ ಒಂದು ಹೆಣ್ಣನ್ನು ಉರಿಯಲು ಬಿಟ್ಟಿರಾ ಎಂದು ಕೇಳಬೇಕೆಂದು ಬಾಯಿ ತೆರೆದೆ. ಹಜಾರದಲ್ಲಿ ನನ್ನ ಗಂಡ ಕೂತು ರೇಡಿಯೋ ತಿರುಗಿಸುತ್ತಿದ್ದ. ಅತ್ತೆ ನಿಲ್ಲಿಸಿದ ಆ ಕಾಲಿನಿಂದಲೇ ಇವನು ಉಳಿದ ಎಂದು ಅವರು ನಂಬಿದ್ದರು. ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು.

"ಈಗ ಈ ಕೂಸೂ ಕರೆದ್ರೆ ನಾನು ಎಲ್ಲಿಂದ ಓಗ್ಲಿ?" ಎಂದು ಕೇಳಿದರು. ಕೇಳುತ್ತಲೇ ರಂಗೋಲಿ ಡಬ್ಬ ಎಳೆದುಕೊಂಡರು.

ಮೊದಲ ಸಲ ಅವರು ಎರಡು ಒಲೆ ಬರೆದರು. ನಡುವೆ ಗೋಡೆ, ಗೋಡೆಯಲ್ಲಿ ಎದೆಯೆತ್ತರಕ್ಕೊಂದು ಕಂಡಿ, ಕಂಡಿಯ ಎರಡು ಮಗ್ಗುಲಿಗೆ ಎದುರುಬದುರಾಗಿ ಎರಡು ಒಲೆ. ಎರಡಕ್ಕೂ ಸೇರಿ ಒಂದೇ ಹಲಗೆ, ಕಂಡಿಯೊಳಗೆ ಆಚೆ ಈಚೆ ಜಾರುವ ಹಲಗೆ. ಅವಳು ಒಲೆ ಹಚ್ಚಬೇಕಾದರೆ ಹಲಗೆಯನ್ನು ನಮ್ಮ ಕಡೆ ತಳ್ಳಲೇಬೇಕು. ಅದು ಬಂದು ನಮ್ಮ ಒಲೆಯನ್ನು ಮುಚ್ಚುತ್ತದೆ, ನಾವು ಅದರ ಮೇಲೆ ಹೆಚ್ಚುತ್ತ ಅವಳಿಗೆ ಎದುರು ನಿಲ್ಲುತ್ತೇವೆ. ನಮ್ಮ ಸರದಿ ಬಂದಾಗ ಹಲಗೆ ಅವಳ ಕಡೆಗೆ. ನಾನು, "ಆಣೆ?" ಎಂದೆ. "ಆಣೆ ಇಟ್ಟಿರೋದು ಹೊಸ್ಲಿಗೆ. ಕಂಡಿಗೆ ಹೊಸ್ಲು ಎಲ್ಲದೆ?" ಎಂದರು. ಇದು ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ ಎಂದು ಹಣೆ ಚಚ್ಚಿಕೊಂಡರು.

ಅವನು ಲೋಡು ತಗೊಂಡು ಹೋದ ವಾರ ಗಾರೆಯವನನ್ನು ಕರೆಸಿ ಗೋಡೆ ಒಡೆಸಿದರು. ಧೂಳು ಇಳಿದ ಮೇಲೆ ಕಂಡಿಯಲ್ಲಿ ಆ ಹುಡುಗಿಯ ಮುಖ ಕಂಡಿತು. ಅತ್ತೆ ಸುತ್ತು ಬಳಸದೆ ಅವಳ ಗಂಡ ಎಂಥವನೆಂದು ಹೇಳಿದರು. ಅವಳು ಸೆರಗಿನಿಂದ ಕಂಡಿಯ ಅಂಚಿನ ಧೂಳು ಒರೆಸುತ್ತ, "ಗೊತ್ತು ಚಿಕ್ಕತ್ತೆ. ನನ್ನ ಸಾಕಿದ್ ಸೋದರಮಾವಂಗೂ ಗೊತ್ತಿತ್ತು," ಎಂದಳು. ಅಷ್ಟು ಮೆತ್ತಗೆ ಹೇಳಿದ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

"ಸರಿ ಕಣವ್ವ," ಎಂದರು ಅತ್ತೆ. "ನಿನ್ ಬೆನ್ನಿಂದೆ ಯಾರವ್ರೆ ಅಂತ ನಾನು ನೋಡ್ಕತೀನಿ. ನನ್ ಬೆನ್ನಿಂದೆ ನೀನ್ ನೋಡ್ಕೊ."

ಅವನು ಬಂದವನು ಕಂಡಿಯ ಮುಂದೆ ನಿಂತು ಕಣ್ಣು ಕೆಂಪು ಮಾಡಿದ. ಅತ್ತೆ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ನಿನ್ನೆಂಡ್ರಿಗೆ ಈಳಿಗೆಮಣೆ ಮಡಗಕ್ಕೂ ಜಾಗ ಇರ್ನಿಲ್ಲ ಕಣ್ಲಾ. ಜಾಗ ಉಳ್ಸಿವ್ನಿ," ಎಂದು ಹೇಳಿ ಅವನ ಮುಖವನ್ನೇ ನೋಡುತ್ತ ಮುರಿದರು. ಅವನೇ ಕಣ್ಣು ಕೆಳಗೆ ಮಾಡಿದ.

ಅಲ್ಲಿಂದ ನಮ್ಮ ಬಾಳು ಹಲಗೆಯ ಸದ್ದಿಗೆ ಕಿವಿಗೊಟ್ಟು ಕೂರುವ ಬಾಳಾಯಿತು. ಹಲಗೆ ಜಾರಿತೆಂದರೆ ನಮ್ಮಿಬ್ಬರಲ್ಲಿ ಒಬ್ಬರು ಏನು ಕೆಲಸವಿದ್ದರೂ ಬಿಟ್ಟು ಹೋಗಿ ಎದುರಿಗೆ ನಿಲ್ಲಬೇಕು. ಅವನು ಊರಲ್ಲಿರುವಾಗ ಅತ್ತೆ ಊಟವನ್ನೂ ಅಲ್ಲೇ ನಿಂತು ಮಾಡುತ್ತಿದ್ದರು. ಗೋಡೆ ಒಡೆದ ಮೇಲೆ ಪಂಪಿನ ಸದ್ದು ನಿಜವಾದ ಸ್ಟೌವಿನದೋ ಬೇರೆಯದೋ ಎಂದು ತಿಳಿಯುವುದೂ ಕಷ್ಟವಾಯಿತು. ಕೆಲವು ಸಲ ಸದ್ದು ಕೇಳಿ ಓಡಿದರೆ ಆ ಕಡೆ ಯಾರೂ ಇರುತ್ತಿರಲಿಲ್ಲ, ಸ್ಟೌ ತಣ್ಣಗಿರುತ್ತಿತ್ತು. ಅತ್ತೆ ಆಗ ಖಾಲಿ ಕಂಡಿಯತ್ತ ಬಾಗಿ, "ಇಲ್ಲೇ ಇವ್ನಿ ಕಣವ್ವ," ಎನ್ನುವರು.

ಹೀಗಿರುವಾಗ ಒಮ್ಮೆ ಅವನು ಲಾರಿ ಹತ್ತಿ ಹೋದವನು ಮನೆಗೆ ಬರುವುದನ್ನೇ ಬಿಟ್ಟ. ಯಾರೋ ಹುಬ್ಬಳ್ಳಿಯ ಕಡೆ ಇನ್ನೊಂದು ಸಂಸಾರವಿದೆ ಎಂದರು, ನಾವೂ ಒಪ್ಪಿಕೊಂಡೆವು. ಪೀಡೆ ತೊಲಗಿತೆಂದು ನಾನು ಒಬ್ಬಟ್ಟು ಮಾಡಿದೆ. ಹುಡುಗಿ ಹೊಲಿಗೆ ಯಂತ್ರ ಇಟ್ಟುಕೊಂಡಳು. ಅತ್ತೆ ಮಾತ್ರ ಹಲಗೆಯ ಮುಂದಿನ ಪಹರೆ ಬಿಡಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಜ್ವರದಲ್ಲಿ ಮಲಗಿದರು. ಏಳಲಿಲ್ಲ. ಕೊನೆಯ ದಿನ ಬೆಳಿಗ್ಗೆಯಿಂದಲೂ ಕಾಲನ್ನು ಎತ್ತಿ ಎತ್ತಿ ಇಡುತ್ತಿದ್ದರು, ಹೊಸ್ತಿಲು ದಾಟುವವರ ಹಾಗೆ. "ಬಂದೆ ತಡಿಯವ್ವ, ಬಂದೆ" ಎನ್ನುತ್ತಲೇ ಇದ್ದರು. ಯಾರು ಕರೆಯುತ್ತಿದ್ದಾರೆಂದು ನನಗೂ ಆ ಹುಡುಗಿಗೂ ಗೊತ್ತಿತ್ತು. ಮಧ್ಯಾಹ್ನ ಮಾತು ನಿಂತಿತು. ನಾನು ಆ ಗೆರೆಯಿಲ್ಲದ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಹೆತ್ತ ತಾಯಿ ಹೋದಂತೆ ಅತ್ತುಬಿಟ್ಟೆ.

ತಿಥಿಯ ದಿನ ನೆಂಟರೆಲ್ಲ ಉಂಡು ಹೋದ ಮೇಲೆ ಆ ಹುಡುಗಿ ಪಾತ್ರೆ ತೊಳೆಯುತ್ತ ಕೇಳಿದಳು. "ಅಕ್ಕ, ನೀವೂ ಚಿಕ್ಕತ್ತೆನೂ ಹೊಸಹೊಳಲಿಗೆ ಮದ್ವೆಗೋಗಿದ್ರಲ್ಲ, ಗ್ಯಾಪಕ ಅದಾ?"

ಜ್ಞಾಪಕವಿತ್ತು. ಅತ್ತೆಯ ತಮ್ಮನ ಮಗಳ ಮದುವೆ. ಮನೆಮಂದಿಯೆಲ್ಲ ಬೀಗ ಹಾಕಿಕೊಂಡು ಹೋಗಿದ್ದೆವು. ಅವನು ಲೋಡಿಗೆ ಹೋಗಿದ್ದಾನೆಂದು ಖಾತ್ರಿ ಮಾಡಿಕೊಂಡೇ ಅತ್ತೆ ಹೊರಟಿದ್ದರು.

"ನಮ್ಮೆಜಮಾನ್ರು ಅರ್ಧ ದಾರಿಯಿಂದ ವಾಪಸ್ ಬಂದಿದ್ರು ಅಕ್ಕ. ನಂಗೆ ಗೊತ್ತಿರ್ನಿಲ್ಲ. ಸಾರಿಗಿಡಾನ ಅಂತ ಹಲಗೆ ನಿಮ್ ಕಡೆ ತಳ್ಳಿ ಸ್ಟೌ ಹಚ್ತಿದ್ದೆ. ನಿಮ್ ಕಡೆ ಯಾರೋ ಬಂದು ಹಲಗೆ ಮೇಲೆ ಎರಡೂ ಕೈ ಊರ್ಕಂಡು ನಿಂತ್ರು. ಹೊಗೇಲಿ ಮುಖ ಕಾಣ್ನಿಲ್ಲ, ಬಳೆ ಕಂಡ್ವು. ನೀವೇ ಬಂದ್ಬುಟ್ರಿ ಅಂದ್ಕಂಡೆ. ಮಾತಾಡ್ಸಿದ್ರೆ ಮಾತಿಲ್ಲ. ನನ್ ಭುಜದ್ ಮೇಲಿಂದ ಹಿಂದಕ್ಕೇ ನೋಡ್ತಿದ್ರು. ಏನಪ್ಪಾಂತ ನಾನೂ ತಿರುಗ್ದೆ. ಅವ್ರು ನಿಂತಿದ್ರು, ಸೀಮೆಣ್ಣೆ ಡಬ್ಬ ಇಡ್ಕಂಡು."

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ನಿಲ್ಲಿಸುವುದು ನಮ್ಮಿಬ್ಬರಿಗೂ ತೋಚಲಿಲ್ಲ.

"ಅವ್ರು ನನ್ನ ನೋಡ್ನೇ ಇಲ್ಲ ಅಕ್ಕ, ಕಂಡಿನೇ ನೋಡ್ತಿದ್ರು. ಡಬ್ಬ ಕೈಯಿಂದ ಬಿತ್ತು. ಒಂದು ಎಸ್ರು ಕೂಗುದ್ರು. ನನ್ನೆಸ್ರಲ್ಲ. ನಿಮ್ಮೆಸ್ರೂ ಅಲ್ಲ. ಕೂಗಿ ಓಡೋದೋರು ತಿರುಗಿ ಬರ್ನೇ ಇಲ್ಲ."

ಅವಳು ಯಾವ ಹೆಸರೆಂದು ಹೇಳಿದಳು. ನಾನು ಆ ಹೆಸರನ್ನು ಅತ್ತೆಯ ಬಾಯಲ್ಲಿ ಮಾತ್ರ ಕೇಳಿದ್ದೆ, ಅವನ ಮೊದಲ ಹೆಂಡತಿಯ ಹೆಸರು.

ಇದನ್ನು ಅತ್ತೆ ಬದುಕಿದ್ದಾಗಲೇ ಯಾಕೆ ಹೇಳಲಿಲ್ಲ ಎಂದು ನಾನು ಅವಳ ಮೇಲೆ ರೇಗಿದೆ. "ಮನೆ ಬುಟ್ಟು ಹೋಗಿದ್ಕೇ ಇಂಗಾಯ್ತು ಅಂತ ಚಿಕ್ಕತ್ತೆ ಎದೆ ಒಡ್ಕಂಡಾರು ಅಂತ ಅಕ್ಕ," ಎಂದು ಅವಳು ಅಳತೊಡಗಿದಳು. ಅವಳ ತಪ್ಪೇನಿದೆ. ಆದರೆ ನನ್ನ ಸಂಕಟ ಇವತ್ತಿಗೂ ಇಳಿದಿಲ್ಲ. ಸಾಯುವ ತನಕ ಅತ್ತೆ ಆ ಹೊಸ್ತಿಲಿನ ಮುಂದೆ ಕಾಲೆತ್ತಿಕೊಂಡೇ ನಿಂತಿದ್ದರು. ಅಷ್ಟರಲ್ಲಾಗಲೇ ಆ ಸತ್ತ ಹುಡುಗಿ ಕರೆಯುವುದನ್ನು ನಿಲ್ಲಿಸಿ, ನಮ್ಮ ಅಡುಗೆಮನೆಗೆ ಬಂದು, ಅತ್ತೆ ನಿಲ್ಲುವ ಜಾಗದಲ್ಲಿ ನಿಂತು, ಅತ್ತೆಯ ಕೆಲಸ ಮಾಡಿ ಮುಗಿಸಿದ್ದಳು.