ನೋಡದೆ ಹೇಳಿದ ಮಾತು

ಪೈಲಟ್ ಸಾಹೇಬರ ಬಲಗೈ ತೋರುಬೆರಳಿಗೆ ಸದಾ ಏನಾದರೊಂದು ಮೆತ್ತಿಕೊಂಡಿರುತ್ತಿತ್ತು. ಕೀಲಿಯ ಎಣ್ಣೆ, ಕಂದೀಲಿನ ಮಸಿ, ಗೋಡೆಯ ಸುಣ್ಣ. ಸಾವಣೂರಿನ ಆ ಮನೆಯಿಂದ ಹೊರಡುವಾಗ ಒಂದೊಂದನ್ನೂ ಬೆರಳಿನಿಂದ ಮುಟ್ಟಿ, ಬಾಯಿಬಿಟ್ಟು ಹೇಳಿ, ಆಮೇಲೆಯೇ ಮೆಟ್ಟಿಲಿಳಿಯುತ್ತಿದ್ದರು. ಸ್ಟೋವ್ ಮುಟ್ಟಿ “ಆರೇದ” ಎನ್ನುವರು. ಎಷ್ಟೋ ಸಲ ಅದು ಆಗಷ್ಟೇ ಆರಿರುತ್ತಿತ್ತು, ಬೆರಳು ಚುರ್ ಎನ್ನುತ್ತಿತ್ತು. ನಳ ಮುಟ್ಟಿ “ಬಂದ್ ಅದ”, ಚಿಲಕ ಮುಟ್ಟಿ “ಹಾಕೇದ”. “ಸಾಹೇಬ್ರ ತೆಲಿ ಚಲೋ ಐತಿ, ಬೆರಳಿಗಷ್ಟ ಹುಚ್ಚ ಹಿಡದೈತಿ” ಎಂದು ಓಣಿಯವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಚಟ ಅವರಿಗೆ ಹತ್ತಿದ್ದು ನನ್ನ ಅವ್ವ ಸತ್ತ ಮೇಲೆ.

ನಮ್ಮದು ಹಿರೇಕೆರೂರು. ಅಪ್ಪ ಹತ್ತಿ ವ್ಯಾಪಾರಿ. ಎಪ್ಪತ್ತರ ದಶಕದ ನಡುವಿನ ಮಾತು, ನಾನಾಗ ಕಾಂಪೌಂಡರ್ ಕೆಲಸದ ಓದು ಓದುತ್ತಿದ್ದ ಹುಡುಗಿ. ಮುಂಬಯಿಯಲ್ಲಿದ್ದ ಅಕ್ಕನಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿದೆಯೆಂದು ತಂತಿ ಬಂತು. ರೈಲಿನಲ್ಲಿ ಹೋದರೆ ತಡವಾದೀತೆಂದು ಅಪ್ಪ ಅವ್ವನಿಗೆ ವಿಮಾನದ ಟಿಕೀಟು ತೆಗೆಸಿದ. ನಮ್ಮ ಓಣಿಗೆ ಓಣಿಯೇ ಬಂದು ಅವ್ವನನ್ನು ನೋಡಿಕೊಂಡು ಹೋಯಿತು. ಹಾವೇರಿಯಾಚೆ ಕಾಲಿಡದ ಹೆಂಗಸರೆಲ್ಲ ವಿಮಾನದಲ್ಲಿ ಹೇಗೆ ಕೂರಬೇಕೆಂದು ಹೇಳಿಕೊಟ್ಟರು. ಸೆರಗು ಗಟ್ಟಿ ಹಿಡಕೋ, ಕೆಳಗ ನೋಡಬ್ಯಾಡ, ಹೊಟ್ಟಿ ತುಂಬ ಉಣಬ್ಯಾಡ. ಅವ್ವ ಎಲ್ಲದಕ್ಕೂ ಹೂಂ ಎಂದು, ಬಾಣಂತಿಗೆ ಬೇಕಾಗುವ ಸಾಮಾನಿನ ಜೊತೆಗೆ ಒಂದು ಕಟ್ಟು ಸಾವಣೂರು ವೀಳ್ಯದೆಲೆಯನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು.

ಆ ವಿಮಾನ ನೆಲ ಬಿಟ್ಟು ಏಳಲೇ ಇಲ್ಲ. ಓಡುದಾರಿ ದಾಟಿ ಮುಂದಿನ ಬಂಡೆಗಳಿಗೆ ಹೋಗಿ ಬಡಿಯಿತು. ಸತ್ತವರು ಇಬ್ಬರು, ದೊಡ್ಡ ಪೈಲಟ್ ಮತ್ತು ನನ್ನ ಅವ್ವ. ನಿಂತ ವಿಮಾನದ ಬಾಲ ಗಾಳಿಗೆ ಅಲುಗದಿರಲೆಂದು ಒಂದು ಕಟ್ಟಿಗೆಯ ತುಂಡು ಸಿಕ್ಕಿಸಿರುತ್ತಾರಂತೆ, ಅದು ಹಾಗೇ ಉಳಿದರೆ ವಿಮಾನ ಮೇಲೇಳುವುದಿಲ್ಲವಂತೆ. ಹೊರಡುವ ಮೊದಲು ಅದನ್ನು ತೆಗೆಯಬೇಕಾದ ಕೆಲಸಗಾರ ಮರೆತಿದ್ದನೆಂದು ಪೇಪರಿನಲ್ಲಿ ಬಂತು. ಅವನನ್ನು ಜೇಲಿಗೆ ಹಾಕಿದರು. ಅಪ್ಪ ಅವನನ್ನು ದಿನಾ ಶಪಿಸಿದ. ನಾನೂ ಶಪಿಸಿದೆ, ಅಪ್ಪನಿಗಿಂತ ಜೋರಾಗಿ.

ಮೂರು ತಿಂಗಳಾದ ಮೇಲೆ ಒಂದು ಸಂತೆಯ ದಿನ, ಎಡಗೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ ಎತ್ತರದ ಮನುಷ್ಯರೊಬ್ಬರು ಹಾವೇರಿ ಬಸ್ಸಿನಿಂದ ಇಳಿದು ನಮ್ಮ ಮನೆ ಕೇಳಿಕೊಂಡು ಬಂದರು. ಮೂವತ್ತು ದಾಟಿರಲಿಕ್ಕಿಲ್ಲ. ಅಪ್ಪ ಯಾರೋ ಗಿರಾಕಿಯೆಂದು “ಬರ್ರಿ, ಕುಂದರ್ರಿ” ಎಂದ. ನಾನು ಚಹಾ ತಂದೆ.

“ಕೂಡೂದಿಲ್ರಿ. ಮೊದ್ಲ ಹೇಳಿಬಿಡ್ತೇನಿ. ಕೇಳಿದ ಮ್ಯಾಲೂ ನೀವು ಕೂಡು ಅಂದ್ರ ಕೂಡ್ತೇನಿ” ಎಂದರು.

ಆ ವಿಮಾನದ ಎರಡನೆಯ ಪೈಲಟ್ ಅವರೇ. ಸಾವಣೂರಿನ ಶಾಸ್ತ್ರಿಗಳ ಮನೆತನ. ಚಿಕ್ಕಂದಿನಲ್ಲಿ ತಂದೆ ನೂರಾರು ಶ್ಲೋಕ ಬಾಯಿಪಾಠ ಮಾಡಿಸಿದ್ದರು, ನಿದ್ದೆಯಲ್ಲಿ ಎಬ್ಬಿಸಿ ಮೊದಲ ಅಕ್ಷರ ಹೇಳಿದರೂ ಉಳಿದದ್ದು ತಾನಾಗಿ ಬರಬೇಕು. ವಿಮಾನ ಬಿಡುವ ಮೊದಲು ಒಂದು ಪಟ್ಟಿ ಓದುವುದಿರುತ್ತದೆ. ದೊಡ್ಡ ಪೈಲಟ್ ಒಂದೊಂದೇ ಕೇಳಬೇಕು, ಇವರು ಅದಕ್ಕೆ ಕೈ ಹಚ್ಚಿ, ಕಣ್ಣಿನಿಂದ ನೋಡಿ, ಉತ್ತರ ಹೇಳಬೇಕು. ಆ ಪಟ್ಟಿಯೂ ಇವರಿಗೆ ಶ್ಲೋಕದ ಹಾಗೆ ಬಾಯಿಗೆ ಬಂದುಬಿಟ್ಟಿತ್ತು.

“ಅವ್ರು ಕೇಳಿ ಮುಗಿಸೂದ್ರಾಗ ನನ್ನ ಬಾಯಿ ಉತ್ರ ಕೊಡ್ತಿತ್ರಿ. ಅದೊಂದು ಹೆಮ್ಮಿ ಬ್ಯಾರೆ ಇತ್ತು ನನಗ. ಅವತ್ತ ನಿಮ್ಮ ಮನಿಯವ್ರು ವಿಮಾನ ಹತ್ತೂ ಮುಂದ ನನ್ನ ಮಾತು ಕೇಳಿ ಗುರ್ತ ಹಿಡದ್ರು. ಸಾವಣೂರದವ್ರೇನ್ರಿ ಅಂತ ಕೇಳಿ, ಕಟ್ಟು ಬಿಚ್ಚಿ ನಾಕ ಎಲಿ ಕೊಟ್ರು. ಒಳಗ ಕೂತು ಆ ಎಲಿ ಬಗ್ಗೆನ ಕ್ಯಾಪ್ಟನ್ನರಿಗೆ ಹೇಳ್ಲಿಕ್ಕತ್ತಿದ್ದೆ. ಅವ್ರು ನಡುನಡುವ ಪಟ್ಟಿ ಕೇಳಿದ್ರು. ಬಾಲ ಏರಿಸಿ ಇಳಿಸೂ ಹಿಡಕಿ ಸಡಿಲ ಅದ ಏನು ಅಂದ್ರು. ಅದ ಅಂದೆ. ಕೈ ಹಚ್ಚಲಿಲ್ರಿ. ನೋಡಲಿಲ್ಲ. ಹಚ್ಚಿದ್ರ ಅದು ಅಲಗತಿರಲಿಲ್ಲ, ಕಟ್ಟಿಗಿ ಹಂಗ ಉಳದದ ಅಂತ ತಿಳೀತಿತ್ತು.”

ಅಪ್ಪ ಕೆಲಸಗಾರನ ಮಾತೆತ್ತಿದ. ಅವರು ತಲೆ ಅಲ್ಲಾಡಿಸಿದರು.

“ಅಂವ ಮರತಾನ, ಖರೆ. ಯಾರರ ಮರತ್ರ ಅದು ಸಿಗಲಿ ಅಂತನ ನನ್ನ ಅಲ್ಲಿ ಕೂಡಿಸಿದ್ರು. ಬರೂ ವಾರ ವಿಚಾರಣಿ ಅದ. ನೋಡಿ ಹೇಳಿದೆ ಅಂದುಬಿಡು ಅಂತ ಎಲ್ಲಾರೂ ಕಿವ್ಯಾಗ ಊದ್ಲಿಕ್ಕತ್ತಾರ. ಕೇಳಿದವ್ರು ಕ್ಯಾಪ್ಟನ್, ಅವ್ರು ಈಗ ಇಲ್ಲ. ಅಲ್ಲಿಗೆ ಹೋದ ಮ್ಯಾಲೆ ನನ್ನ ನಾಲಿಗಿ ಹೊಳ್ಳಬಹುದು. ನಿಮ್ಮ ಮುಂದ ಹೇಳಿಬಿಟ್ರ ಹೊಳ್ಳಲಿಕ್ಕೆ ಬರೂದಿಲ್ಲ. ಅದಕ್ಕ ಬಂದೇನಿ.”

ಅಪ್ಪ ಒಂದೇ ಒಂದು ಮಾತು ಕೇಳಿದ. “ಎಲಿ ಕೊಡೂ ಮುಂದ ಆಕಿ ಏನರ ಅಂದ್ಲೇನು?”

ಅವರು ನೆಲ ನೋಡುತ್ತ ಹೇಳಿದರು. “ನಮ್ಮ ಕಡೇ ಹುಡುಗ ನಡಸ್ತಾನಂದ್ರ ನನಗ್ಯಾತರ ಅಂಜಿಕಿ ಅಂದ್ರು.”

ನಾನು ಹುಟ್ಟಾ ಜಗಳಗಂಟಿ. ಕೈಯಲ್ಲಿದ್ದ ಚಹಾವನ್ನು ಅಂಗಳಕ್ಕೆ ಚೆಲ್ಲಿದೆ. “ನಂಬಿದಾಕೀನ್ನ ಕೊಂದು, ಮ್ಯಾಲೆ ಕಥಿ ಹೇಳಾಕ ಬಂದೀರೇನು?” ಎಂದು ಕೂಗಿದೆ. ಅಪ್ಪ ನನ್ನನ್ನು ಒಳಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ತಾನೇ ಅಡುಗೆಮನೆಗೆ ಬಂದ. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಗೊತ್ತಿಲ್ಲದ ಅಪ್ಪ, ನನ್ನನ್ನು ಕೇಳದೆ, ಅವನೇ ಚಹಾ ಮಾಡಿಕೊಂಡು ಹೋದ. ಹೊರಗಿನಿಂದ “ಕುಂದರ್ರಿ” ಎಂದದ್ದು ಕೇಳಿಸಿತು. ಇಬ್ಬರೂ ಆ ಸಪ್ಪೆ ಚಹಾ ಕುಡಿದರು.

ವಿಚಾರಣೆಯಲ್ಲಿ ಅವರು ನಮ್ಮ ಮುಂದೆ ಹೇಳಿದ್ದನ್ನೇ ಹೇಳಿದರು. ಕೆಲಸಗಾರ ಬಿಡುಗಡೆಯಾಗಿ ಮರಳಿ ಕೆಲಸಕ್ಕೆ ಸೇರಿದ. ಇವರ ಲೈಸೆನ್ಸ್ ರದ್ದಾಯಿತು. ಸಾವಣೂರಿಗೆ ಬಂದು, ತಂದೆ ಪಾಠ ಹೇಳುತ್ತಿದ್ದ ಪಡಸಾಲೆಯಲ್ಲೇ ಹೈಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತ ಉಳಿದುಬಿಟ್ಟರು. ಮದುವೆ ಮಾಡಿಕೊಳ್ಳಲಿಲ್ಲ. ಮಕ್ಕಳು ಪಟಕ್ಕನೆ ಉತ್ತರ ಹೇಳಿದರೆ ಅವರಿಗೆ ಸಮಾಧಾನವಿಲ್ಲ. “ತಡಿ. ಈಗ ಹೇಳಿದ್ದು ನೀನೋ, ನಿನ್ನ ಬಾಯೋ?” ಎಂದು ಕೇಳುವರು. ಉತ್ತರ ಸರಿಯಿದ್ದರೂ ಕೇಳುವರು. ಪಾಪ, ಮಕ್ಕಳು ಗಾಬರಿಯಾಗಿ ಸರಿಯಿದ್ದದ್ದನ್ನೇ ಅಳಿಸಿಬಿಡುತ್ತಿದ್ದವು.

ನಾನು ಕಾಂಪೌಂಡರ್ ಆಗಿ ಶಿಗ್ಗಾವಿಗೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ಅದೇ ವರ್ಷ ಅಪ್ಪ ತೀರಿಕೊಂಡ. ಆ ಸುದ್ದಿ ಹೇಳಲು ಮೊದಲ ಸಲ ಸಾವಣೂರಿಗೆ ಹೋದೆ. ನಿಜ ಹೇಳಬೇಕೆಂದರೆ, ಜಗಳ ಆಡಲಿಕ್ಕೇ ಹೋಗಿದ್ದೆ. ಅಪ್ಪನೂ ಹೋದ, ಈಗ ನನ್ನ ಸಿಟ್ಟನ್ನು ತಡೆಯುವವರು ಯಾರೂ ಇಲ್ಲ ಎಂದುಕೊಂಡು ಹೋದವಳು, ಅವರು ಅಪ್ಪನಿಗಾಗಿ ಅತ್ತದ್ದು ನೋಡಿ ಸುಮ್ಮನೆ ಕುಳಿತೆ. ಆಮೇಲೆ ತಿಂಗಳಿಗೊಂದು ಶನಿವಾರ ಹೋಗುವುದು ರೂಢಿಯಾಯಿತು. ಯಾಕೆ ಹೋಗುತ್ತಿದ್ದೆನೆಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಅವ್ವನನ್ನು ಕಡೆಯದಾಗಿ ಮಾತಾಡಿಸಿದ ಮನುಷ್ಯ ಅವರೆಂಬುದೂ ಒಂದು ಕಾರಣವಿದ್ದೀತು. ಔಷಧಿಯ ಬಾಟಲಿಯ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದದೆ ನಾನು ಯಾರ ಕೈಗೂ ಔಷಧಿ ಕೊಟ್ಟವಳಲ್ಲ. ಜನ ನನಗೆ ‘ಗೊಣಗೊಣ ಬಾಯಿ’ ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ. ಅದು ಸಾಹೇಬರಿಂದ ಕಲಿತದ್ದು.

ಅವರು ಒಂದು ದಿನವೂ ಕ್ಷಮಿಸು ಎಂದು ಕೇಳಲಿಲ್ಲ. ನಾನೂ ಕ್ಷಮಿಸಿದೆ ಎನ್ನಲಿಲ್ಲ. ಹಾಗೆಂದರೆ ಅವ್ವನಿಗೆ ಎರಡು ಬಗೆದಂತಾದೀತೆಂಬ ಹೆದರಿಕೆ ನನಗೆ. ಬಸ್ ಹತ್ತಿಸಲು ಬಂದಾಗಲೆಲ್ಲ ಏನೋ ಕೇಳುವವರ ಹಾಗೆ ನನ್ನ ಮುಖ ನೋಡಿ, “ಹುಷಾರ ಹೋಗವಾ” ಎಂದಷ್ಟೇ ಹೇಳಿ ತಿರುಗುತ್ತಿದ್ದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಎದೆಯ ಬೇನೆ ಹೆಚ್ಚಾಗಿ ಹಾಸಿಗೆ ಹಿಡಿದರು. ಇನ್ನು ಬಹಳ ದಿನವಿಲ್ಲವೆಂದು ಕಾಂಪೌಂಡರ್ ಆಗಿದ್ದ ನನಗೆ ಗೊತ್ತಾಯಿತು. ಈ ಸಲ ಕ್ಷಮಿಸಿದೆ ಎನ್ನುವ ಮಾತು ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ಹೋದೆ. ಮಂಚದ ಪಕ್ಕ ಕುಳಿತೆ. ಆದರೆ ಬಾಯಿಗೆ ಬಂದದ್ದು ಹೇಳಬೇಕೆಂದಿದ್ದ ಮಾತಲ್ಲ, ಅಷ್ಟು ವರ್ಷ ಕೇಳದೆ ಉಳಿದಿದ್ದ ಮಾತು.

“ಅವ್ವಗ ಬಾಳ ತ್ರಾಸ ಆತೇನ್ರಿ?”

ಕ್ಷಣದಲ್ಲೇ ಪ್ರಾಣ ಹೋಯಿತೆಂದು ಕಂಪನಿಯವರು ಕಾಗದ ಬರೆದಿದ್ದರು. ಅಂಥ ಕಾಗದ ಎಲ್ಲರಿಗೂ ಹಾಗೇ ಬರೆಯುತ್ತಾರೆಂದು ನನಗೆ ಗೊತ್ತು. ಸಾಹೇಬರು ಕಣ್ಣು ಮುಚ್ಚಿದರು.

“ನಾ ಹೊಳ್ಳಿ ನೋಡಿಲ್ಲವಾ. ನನಗ ಎಚ್ಚರ ಬರೂದ್ರಾಗ ಅವ್ರನ್ನ ಒಯ್ದಿದ್ರು.”

“ಆಗಿಲ್ಲ ಅಂದುಬಿಡ್ರಿ. ಒಂದ ಮಾತು. ಸುಳ್ಳ ಆದ್ರೂ ನಡೀತೈತಿ ನನಗ.” ನಾನು ಅವರ ಕೈ ಹಿಡಿದುಕೊಂಡು ಬೇಡಿದೆ.

ಅವರ ಕಣ್ಣೀರು ಕಿವಿಯ ಮೇಲಿಂದ ದಿಂಬಿಗೆ ಇಳಿಯಿತು. “ನೋಡದ ಒಮ್ಮೆ ಹೇಳೇನಿ. ಇನ್ನೊಮ್ಮೆ ಹೇಳೂದಿಲ್ಲವಾ. ನಿನಗಂತೂ ಹೇಳೂದಿಲ್ಲ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಾಯುವ ಹೊತ್ತಿನಲ್ಲೂ ಈ ಮನುಷ್ಯನ ಹಟ ನೋಡು ಎಂದುಕೊಂಡು, ಅವರ ಕೈ ಬಿಟ್ಟು, ಚಪ್ಪಲಿ ಮೆಟ್ಟಿ ಹೊರಬಿದ್ದೆ. ಹಿಂದಿನಿಂದ “ಹುಷಾರ” ಎಂದದ್ದು ಕೇಳಿತು. ನಾನು ತಿರುಗಲಿಲ್ಲ. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಅಳು ತಡೆಯಲಾಗಲಿಲ್ಲ. ಅವ್ವನ ವಿಷಯದಲ್ಲಿ ನನಗೆ ಸುಳ್ಳು ಹೇಳದ ಮನುಷ್ಯ ಈ ಲೋಕದಲ್ಲಿ ಅವರೊಬ್ಬರೇ ಎಂದು ಆಗ ಹೊಳೆಯಿತು. ಇಳಿದು ಎದುರಿನ ಬಸ್ ಹಿಡಿಯಬಹುದಿತ್ತು. ಬರುವ ಶನಿವಾರ ಹೇಳಿದರಾಯಿತು ಎಂದುಕೊಂಡೆ.

ಅವರು ಗುರುವಾರ ಹೋದರು. ನಾನು ಅವರನ್ನು ಎಷ್ಟೋ ವರ್ಷಗಳ ಹಿಂದೆಯೇ ಕ್ಷಮಿಸಿದ್ದೆ. ಅದು ಅವರೊಬ್ಬರಿಗೆ ಗೊತ್ತಾಗಲಿಲ್ಲ.