ಯಂಕೋಬನ ಈಜು ತಿದ್ದಿದ್ದು

ನಲವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ಈಜು ತಂಡದ ಸಹಾಯಕ ಕೋಚ್. ನನ್ನ ಹುಟ್ಟೂರು ದೂರದ ಗಂಗಾವತಿ. ನಮ್ಮ ಸೀಮೆಯಿಂದ ಅಲ್ಲಿಗೆ ಓದಲು ಬರುವವರೇ ಕಡಿಮೆ, ಬಂದವರು ಆಟದ ಕಡೆ ತಲೆಹಾಕುತ್ತಿರಲಿಲ್ಲ. ಹಾಗಾಗಿ ಆನೆಗೊಂದಿಯ ಯಂಕೋಬ ತಂಡದ ಆಯ್ಕೆಗೆ ಬಂದು ನಿಂತಾಗ ನನಗೆ ಖುಷಿಯೋ ಖುಷಿ.

ಅವನದು ಹೊಳೆಯಲ್ಲಿ ಹರಿಗೋಲು ಹಾಕುವ ಮನೆತನ. ತಂದೆ ಇರಲಿಲ್ಲ. ತಾಯಿ ಹುಲಿಗೆಮ್ಮ ಮತ್ತು ಸೋದರಮಾವ, ಇಷ್ಟೇ ಸಂಸಾರ. ತಂಡದಲ್ಲಿ ಜಾಗ ಸಿಕ್ಕವರಿಗೆ ಫೀಸು, ಹಾಸ್ಟೆಲ್ ಎರಡೂ ಮಾಫಿ. ಸಿಗದಿದ್ದರೆ ಯಂಕೋಬ ಗಂಟುಮೂಟೆ ಕಟ್ಟಬೇಕು.

ಆಯ್ಕೆಯ ದಿನ ಅವನು ಎಲ್ಲರಿಗಿಂತ ಜೋರಾಗಿ ಹೊರಟ. ಅರ್ಧ ಕೊಳ ದಾಟುವಷ್ಟರಲ್ಲಿ ಎಡಕ್ಕೆ ವಾಲಿ, ಹಗ್ಗ ಕಟ್ಟಿ ಬೇರೆ ಮಾಡಿದ್ದ ಪಕ್ಕದ ಲೇನಿಗೆ ನುಗ್ಗಿ, ಅಲ್ಲಿದ್ದವನ ಮೇಲೇ ಬಿದ್ದ. ಎಲ್ಲರೂ ನಕ್ಕರು. ಮುಖ್ಯ ಕೋಚ್ ಅವನ ಹೆಸರು ಹೊಡೆದುಹಾಕುವುದರಲ್ಲಿದ್ದರು. "ಈ ಬೇಸಿಗೆ ರಜೆ ಮುಗಿಯೋತನಕ ತಡೀರಿ ಸರ್, ನೇರ ಮಾಡಿ ತರ್ತೀನಿ" ಎಂದೆ. ಆಗ ನನ್ನ ಮೇಲೆ ನನಗೆ ಎಲ್ಲಿಲ್ಲದ ಭರವಸೆ.

ಕಾರಣ ನನಗೆ ಗೊತ್ತಿತ್ತು. ಮಾವನ ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋಗಿ ಈಜಿಕೊಂಡು ಮನೆಗೆ ಬರುವುದು ಯಂಕೋಬನ ಚಿಕ್ಕಂದಿನ ರೂಢಿ. ಹೊಳೆ ದಾಟುವವರು ಮನೆಯ ಮುಂದಿನ ದಡಕ್ಕೆ ನೇರ ಗುರಿ ಇಡುವುದಿಲ್ಲ. ಪ್ರವಾಹ ಬರುವ ಕಡೆಗೆ ಓರೆಯಾಗಿ ಈಜುತ್ತಾರೆ, ನೀರೇ ಅವರನ್ನು ಕೆಳಕ್ಕೆ ತಳ್ಳಿ ಆ ಜಾಗಕ್ಕೇ ಮುಟ್ಟಿಸುತ್ತದೆ. ಅವನಿಗೆ ಪ್ರವಾಹ ಯಾವಾಗಲೂ ಎಡಗಡೆಯಿಂದ. ನಿಂತ ನೀರಿನಲ್ಲೂ ಮೈ ತಾನಾಗಿ ಎಡಕ್ಕೆ ತಿರುಗುತ್ತಿತ್ತು.

ರಜೆಯಲ್ಲಿ ಗಂಗಾವತಿಯ ತೋಟವೊಂದರ ದೊಡ್ಡ ಬಾವಿಗೆ ಹಗ್ಗ ಕಟ್ಟಿದೆ. ದಿನಾ ಬೆಳಿಗ್ಗೆ ಎರಡು ತಾಸು ಈಜು. ಹಗ್ಗ ಸೋಕಿದರೆ ಮತ್ತೆ ಮೊದಲಿನಿಂದ. "ಎದುರಿಗಿನ ಕಲ್ಲು ನೋಡಲೇ, ಕಲ್ಲು!" ಎಂದು ಕೂಗಿ ಕೂಗಿ ನನ್ನ ಗಂಟಲೇ ಕಟ್ಟಿತು. ರಜೆ ಮುಗಿಯುವ ಹೊತ್ತಿಗೆ ಅವನು ಗೆರೆ ಎಳೆದಂತೆ ಈಜುತ್ತಿದ್ದ. ತಂಡದಲ್ಲಿ ಜಾಗ ಸಿಕ್ಕಿತು. ಒಂದು ವರ್ಷ ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ.

ಮರುವರ್ಷ ಮಳೆಗಾಲದಲ್ಲಿ ನಾನು ಊರಿಗೆ ಬಂದಿದ್ದೆ. ರಜೆಗೆ ಬಂದ ಯಂಕೋಬ ಹೊಳೆ ದಾಟುವಾಗ ಬಂಡೆಗೆ ಬಡಿದು ಭುಜ ಮುರಿದುಕೊಂಡನೆಂದು ಸುದ್ದಿ ಬಂತು. ಬಂಡಿ ಹತ್ತಿ ಆನೆಗೊಂದಿಗೆ ಹೋದೆ. ಹುಲಿಗೆಮ್ಮ ಬಾಗಿಲಲ್ಲೇ ನಿಂತಿದ್ದಳು.

"ಸಣ್ಣಾವಿದ್ದಾಗಿಂದ ಇದ ಹೊಳ್ಯಾಗ ಈಜ್ಯಾನ್ರಿ ಮಾಸ್ತರ. ಈ ಸಲ ನೆಟ್ಟಗ ಮನಿ ಕಡಿ ಮುಖ ಮಾಡಿ ಈಜಿದ. ಮ್ಯಾಲಕ್ಕ ಹೊಡಿಯೋ ಅಂತ ದಂಡ್ಯಾಗ ನಿಂತು ಒದರಿದೆ, ಕೇಳಸಲಿಲ್ಲ. ಹೊಳಿ ಮರಿಯೋವಂಥಾದ್ದು ಏನ್ ಕಲಿಸಿದ್ರಿ?"

ಒಳಗಿಂದ ಯಂಕೋಬ, "ಸುಮ್ನಿರಬೇ, ಸರ್ದೇನ್ ತಪ್ಪೈತಿ?" ಎಂದ.

ವಿಭಾಗದ ನಿಯಮ ಹೀಗಿತ್ತು: ತರಬೇತಿಯಿಂದ ಪೆಟ್ಟಾದರೆ ಜಾಗವನ್ನು ಒಂದು ವರ್ಷ ಕಾಯ್ದಿಡುತ್ತಾರೆ, ಬೇರೆ ಕಾರಣಕ್ಕಾದರೆ ಇಲ್ಲ. ವರದಿ ಬರೆಯಬೇಕಾದವನು ನಾನೇ. ನಾನು ತಿದ್ದಿದ ಈಜೇ ಕಾರಣ, ತರಬೇತಿಯಿಂದಾದ ಪೆಟ್ಟು ಎಂದು ಬರೆದರೆ ಅವನ ಮಾಫಿ ಉಳಿಯುತ್ತಿತ್ತು, ನನ್ನ ನೌಕರಿಗೆ ಕಪ್ಪುಚುಕ್ಕೆ ಬೀಳುತ್ತಿತ್ತು. "ಹೊಳೆಯ ಪ್ರವಾಹ" ಎಂದು ಬರೆದು ಸಹಿ ಹಾಕಿದೆ. ಆ ಸಹಿ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಯಂಕೋಬ ಓದು ಬಿಟ್ಟು ಮಾವನ ಹರಿಗೋಲಿಗೆ ನಿಂತ. ಎದುರು ಸಿಕ್ಕಾಗೆಲ್ಲ "ಆರಾಮ ಅದೀರೇನ್ರಿ ಸರ?" ಎಂದು ಮೊದಲಿನಂತೆಯೇ ಕೇಳುತ್ತಿದ್ದ. ನಾನು ನೆಲ ನೋಡುತ್ತಾ ತಲೆಯಾಡಿಸುತ್ತಿದ್ದೆ.

ಆಮೇಲೆ ಯಾರ ಈಜನ್ನೇ ಆಗಲಿ, ತಿದ್ದುವ ಮೊದಲು ಅವರು ಕಲಿತ ನೀರನ್ನು ನೋಡಿ ಬರುತ್ತಿದ್ದೆ. ಕೆಲಸ ಕಲಿಸಿದ ಪಾಠ ಅದು. ತಪ್ಪನ್ನು ಆಗಿಂದಾಗಲೇ ಒಪ್ಪಿಕೊಳ್ಳಬೇಕೆಂಬ ಆ ವರದಿಯ ಪಾಠ ಮಾತ್ರ ತಲೆಗೆ ಹೋದದ್ದು ನಿವೃತ್ತಿಯಾದ ಮೇಲೆ. ಅಷ್ಟು ಹೊತ್ತಿಗೆ ಯಂಕೋಬನ ಮಕ್ಕಳೂ ಹರಿಗೋಲು ಹಾಕುತ್ತಿದ್ದರು.