ಮಾಲೆ ಹಾಕಿದ ಕೋವಿಯನ್ನು ತೆರೆಯಬಾರದಂತೆ

ಹುಕ್ರಪ್ಪ ಗೌಡ ಸತ್ತು ಮೂರು ದಿನವಾಗುವಷ್ಟರಲ್ಲಿ ಊರಿನವರು ಅವನನ್ನು ದೊಡ್ಡ ಬೇಟೆಗಾರನನ್ನಾಗಿ ಮಾಡಿದ್ದರು. ತೋಡಾರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ ಒಬ್ಬರು, ಅವನು ಒಂದೇ ಈಡಿಗೆ ಎರಡು ಹಂದಿ ಉರುಳಿಸಿದ್ದನ್ನು ಕಣ್ಣಾರೆ ಕಂಡವರಂತೆ ವರ್ಣಿಸಿದರು. ಪಕ್ಕದವರು ಎರಡನ್ನು ಮೂರು ಮಾಡಿದರು. ಮೂಲೆಯಲ್ಲಿ ಕುಳಿತಿದ್ದ ನಿವೃತ್ತ ಮೇಷ್ಟ್ರು ಗಜಾನನರು ಬನ್ಸನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಮೂವತ್ತೈದು ವರ್ಷದ ಸ್ನೇಹದಲ್ಲಿ ಹುಕ್ರಪ್ಪ ಒಂದು ಕಾಡುಹಕ್ಕಿಯನ್ನು ಹೊಡೆದದ್ದನ್ನೂ ಅವರು ಕಂಡಿರಲಿಲ್ಲ. ಕೋವಿ ಇದ್ದವನು ಯಾವುದನ್ನಾದರೂ ಕೊಂದಿರಲೇಬೇಕು ಎಂದು ನಂಬುವ ಜನರಿಗೆ ಅದನ್ನು ವಿವರಿಸುವುದು ವ್ಯರ್ಥವೆಂದೂ ಅವರಿಗೆ ಗೊತ್ತಿತ್ತು.

ಹುಕ್ರಪ್ಪ ಬೆಳ್ತಂಗಡಿಯ ಕಡೆಯ ಗುಡ್ಡದ ಊರಿನವನು. ತೋಡಾರಿನ ಒಳಭಾಗದಲ್ಲಿ ಎರಡೆಕರೆ ಜಾಗ ಮಾಡಿಕೊಂಡು, ರಬ್ಬರು ಹಾಕಿ, ಒಂದು ತುಂಡು ಗದ್ದೆಯನ್ನೂ ಬಿಡದೆ ಬೇಸಾಯ ಮಾಡಿಕೊಂಡಿದ್ದ. ಅಪ್ಪನಿಂದ ಬಂದ ಒಂದು ಜೋಡು ನಳಿಗೆಯ ಕೋವಿ, ಅದಕ್ಕೆ ಬೆಳೆ ರಕ್ಷಣೆಯ ಲೈಸನ್ಸು. ಮಂಗಗಳು ಬಂದರೆ ಮನೆಯ ಹಿಂದಿನ ಮಣ್ಣಿನ ದರೆಗೆ ಒಂದು ಈಡು ಹೊಡೆಯುತ್ತಿದ್ದ. ಅವಕ್ಕೆ ಶಬ್ದ ಸಾಕಾಗುತ್ತಿತ್ತು, ಗುಂಡು ಮಣ್ಣಿನಲ್ಲಿ ಉಳಿಯುತ್ತಿತ್ತು.

ಅವನಿಗೆ ಇದ್ದದ್ದು ಒಂದೇ ಚಾಳಿ. ಯಾರ ಕೋವಿಯೇ ಕೈಗೆ ಬರಲಿ, ಮೊದಲು ನಳಿಗೆಯ ಬಾಯಿಯನ್ನು ನೆಲದ ಕಡೆಗೆ ಮಾಡಿ, ಹಿಡಿಯ ಮೇಲಿನ ಕೀಲನ್ನು ಒತ್ತಿ, ನಡುವಿನಲ್ಲಿ ಮಡಚಿ ತೆರೆಯುತ್ತಿದ್ದ. ಮದ್ದುಗುಂಡಿನ ತೋಟೆ ಕೂರುವ ಎರಡು ತೂತುಗಳಲ್ಲಿ ಬೆಳಕು ಹಾಯುತ್ತದೆಯೇ ನೋಡುತ್ತಿದ್ದ. ಬೆಳಕು ಸಾಲದಿದ್ದರೆ ಕಿರುಬೆರಳು ಹಾಕಿ ನೋಡುತ್ತಿದ್ದ. ತಾನೇ ಖಾಲಿ ಮಾಡಿ ಗೋಡೆಗೆ ಒರಗಿಸಿ, ಒಂದು ಚೆಂಬು ನೀರು ಕುಡಿದು ಬಂದು ಮತ್ತೆ ಎತ್ತಿಕೊಂಡರೂ ಅದೇ ಕ್ರಮ.

“ಈಗಷ್ಟೇ ನೋಡಿದ್ದಲ್ಲವಾ ಮಾರಾಯ?” ಎಂದು ಮೇಷ್ಟ್ರು ಒಮ್ಮೆ ಕೇಳಿದ್ದರು.

“ಆಗ ನೋಡಿದ್ದು ಆಗಿನದ್ದು ಮಾಷ್ಟ್ರೇ.”

ಬೇಲಿ ದಾಟುವಾಗ ತೋಟೆಗಳನ್ನು ತೆಗೆದು ಜೇಬಿಗೆ ಹಾಕುತ್ತಿದ್ದ. ಆಚೆ ಇಳಿದ ಮೇಲೆಯೇ ಮತ್ತೆ ತುಂಬುವುದು. ಗುರಿ ಹಿಡಿದು ನಿಶ್ಚಯವಾಗುವ ತನಕ ತೋರುಬೆರಳು ಟ್ರಿಗರಿನ ಹೊರಗೆ ನೆಟ್ಟಗೆ ಚಾಚಿಕೊಂಡಿರುತ್ತಿತ್ತು. ಕೋವಿ ಚಾವಡಿಯ ಕಪಾಟಿನಲ್ಲಿ, ತೋಟೆಗಳು ಒಳಕೋಣೆಯಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ. ಆ ಕೋಣೆಯ ಬೀಗದ ಕೈ ಹೆಂಡತಿ ಸೇಸಮ್ಮನ ಸೊಂಟದಲ್ಲಿ. ಹುಕ್ರಪ್ಪನಿಗೆ ಎರಡು ಲೈಸನ್ಸು ಉಂಟು, ಒಂದು ಸರಕಾರದ್ದು, ಇನ್ನೊಂದು ಸೇಸಮ್ಮನದ್ದು ಎಂದು ಊರು ನಗುತ್ತಿತ್ತು. ಇಷ್ಟು ಜಾಗ್ರತೆಯ ಹಿಂದೆ ಏನೋ ದುರಂತ ಇರಬೇಕು, ತಮ್ಮನೋ ಭಾವನೋ ಗುಂಡು ತಾಗಿ ಸತ್ತಿರಬೇಕು ಎಂದು ಕೆಲವರು ಕೆದಕಿದ್ದೂ ಉಂಟು. ಏನೂ ಇರಲಿಲ್ಲ. ಅವನ ಅಪ್ಪ ಸರಿಯಾಗಿ ಕಲಿಸಿದ್ದರು, ಅವನು ಸರಿಯಾಗಿ ಕಲಿತಿದ್ದ. ಒಬ್ಬ ಮನುಷ್ಯ ಹೆಣ ಬೀಳುವ ಮೊದಲೇ ಬುದ್ಧಿ ಕಲಿಯಬಹುದು ಎಂಬುದು ನಮ್ಮವರಿಗೆ ನಂಬಲು ಕಷ್ಟದ ಸಂಗತಿ.

ಆಯುಧ ಪೂಜೆಯ ದಿನವೂ ಅವನ ಕೋವಿ ಮಣೆಯ ಮೇಲೆ ಮಡಚಿ ತೆರೆದುಕೊಂಡೇ ಮಲಗಿರುತ್ತಿತ್ತು. “ಸೊಂಟ ಮುರಿದ ಕೋವಿಗೆ ಎಂಥ ಪೂಜೆ?” ಎಂದು ಮೇಷ್ಟ್ರೇ ಕುಶಾಲು ಮಾಡಿದ್ದರು. “ಒಳಗೆ ಎಂತ ಉಂಟು ಅಂತ ದೇವರಿಗೂ ಕಾಣಲಿ” ಎಂದಿದ್ದ ಹುಕ್ರಪ್ಪ.

ಇನ್ನು ದೇವಿಪ್ರಸಾದ್ ಭಟ್ಟರ ವಿಷಯ. ಮಿಜಾರಿನ ಕಡೆಯ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಾರೆ, ಹುಕ್ರಪ್ಪನ ಜಾಗದ ಹತ್ತಿರವೇ ಮನೆ, ಸುತ್ತ ಅಡಿಕೆ ತೋಟ ಉಂಟು. ಎರಡು ವರ್ಷದ ಹಿಂದೆ ಅವರಿಗೆ ಕೋವಿ ಬೇಕೆನಿಸಿತು. ಮಂಗಗಳ ಕಾಟ ನೆಪಕ್ಕೆ ಸಾಕಿತ್ತು. ಮಂಗಗಳು ಅವರ ಅಜ್ಜನ ಕಾಲದಿಂದಲೂ ಇದ್ದವು. ಇಲ್ಲದೇ ಇದ್ದದ್ದು ವಾಟ್ಸಾಪ್ ಸ್ಟೇಟಸ್ಸು. ಲೈಸನ್ಸಿನ ವಿಚಾರಣೆಗೆ ಪೊಲೀಸರು ಬಂದಾಗ, ಇವರಿಗೆ ಕೋವಿ ಹಿಡಿಯುವ ತಿಳಿವಳಿಕೆ ಉಂಟು ಎಂದು ಹೇಳುವ ನೆರೆಯವರೊಬ್ಬರ ಸಹಿ ಬೇಕಾಯಿತು. ಭಟ್ಟರು ಗಜಾನನ ಮೇಷ್ಟ್ರನ್ನು ಕರೆದುಕೊಂಡು ಹುಕ್ರಪ್ಪನಲ್ಲಿಗೆ ಹೋದರು.

“ಆರು ಆದಿತ್ಯವಾರ ಬನ್ನಿ ಭಟ್ರೇ. ಮತ್ತೆ ಸಹಿ ಹಾಕ್ತೇನೆ” ಎಂದ ಹುಕ್ರಪ್ಪ.

ಭಟ್ಟರು ಎರಡು ಆದಿತ್ಯವಾರ ಬಂದರು. ಮೂರನೆಯದಕ್ಕೆ ಪರೀಕ್ಷೆಯ ಡ್ಯೂಟಿ, ನಾಲ್ಕನೆಯದಕ್ಕೆ ಮದುವೆ. ಐದನೆಯದಕ್ಕೆ ಮೇಷ್ಟ್ರ ಮೂಲಕ ಹೇಳಿ ಕಳುಹಿಸಿದರು. ಮೇಷ್ಟ್ರು ಹೋಗಿ, “ಓದಿದವರು ಮಾರಾಯ. ಒಂದು ಸಲ ಹೇಳಿದರೆ ತಿಳಿಯುತ್ತದೆ. ಹಾಕಿಬಿಡು” ಎಂದರು. ಹುಕ್ರಪ್ಪ ಗೆಳೆಯನ ಮುಖ ನೋಡಿ ಸಹಿ ಹಾಕಿದ.

ಕೋವಿ ಬಂದ ವಾರದಲ್ಲೇ ಭಟ್ಟರ ಚಿತ್ರ ಎಲ್ಲರ ಮೊಬೈಲಿನಲ್ಲಿತ್ತು. ಮಿಲಿಟರಿ ಬಣ್ಣದ ಟೊಪ್ಪಿ, ಕಪ್ಪು ಕನ್ನಡಕ. ಕೋವಿಯನ್ನು ನೆಲಕ್ಕೆ ಊರಿ, ನಳಿಗೆಯ ಬಾಯಿಯ ಮೇಲೆ ಎರಡೂ ಅಂಗೈ ಇಟ್ಟು, ಅಂಗೈಯ ಮೇಲೆ ಗಲ್ಲ ಇಟ್ಟು ದೂರದ ಗುಡ್ಡವನ್ನು ಚಿಂತನಶೀಲರಾಗಿ ನೋಡುತ್ತಿದ್ದರು. ತನ್ನ ತಲೆಯನ್ನು ಇಷ್ಟು ಅನುಕೂಲವಾದ ಜಾಗದಲ್ಲಿ ಇಟ್ಟುಕೊಂಡ ಪ್ರಾಧ್ಯಾಪಕನಿಗೆ ಇನ್ನೂರಕ್ಕೂ ಹೆಚ್ಚು ಜನ ಹೆಬ್ಬೆಟ್ಟು ಎತ್ತಿ ತೋರಿಸಿದ್ದರು. ಮೇಷ್ಟ್ರು ಮೊಬೈಲನ್ನು ಹುಕ್ರಪ್ಪನ ಮುಂದೆ ಹಿಡಿದಾಗ ಅವನು ಬಹಳ ಹೊತ್ತು ನೋಡಿದ.

“ನನ್ನ ಸಹಿ ಉಂಟಲ್ಲ ಇವರಿಗೆ” ಎಂದಷ್ಟೇ ಹೇಳಿದ.

ಅಂದಿನಿಂದ ಆ ಸಹಿ ಅವನನ್ನು ಕಾಡತೊಡಗಿತು. ಭಟ್ಟರ ತೋಟದಿಂದ ಈಡಿನ ಶಬ್ದ ಕೇಳಿದಾಗಲೆಲ್ಲ ಕೈಯ ಕೆಲಸ ನಿಲ್ಲಿಸಿ, ಅದರ ಹಿಂದೆಯೇ ಯಾರಾದರೂ ಕೂಗುತ್ತಾರೆಯೇ ಎಂದು ಕಿವಿಗೊಡುತ್ತಿದ್ದ. ಆ ಮನೆಯಲ್ಲಿ ಯಾರಿಗಾದರೂ ಏನಾದರೂ ಆದರೆ ಅದು ತನ್ನ ಸಹಿಯ ಕೆಳಗೆ ಆದ ಹಾಗೆ ಎಂದು ಅವನ ಲೆಕ್ಕ. ಆ ಲೆಕ್ಕ ಭಟ್ಟರಿಗೂ ಇರಲಿಲ್ಲ, ಆಗ ಮೇಷ್ಟ್ರಿಗೂ ಇರಲಿಲ್ಲ.

ಕಳೆದ ವರ್ಷದ ಆಯುಧ ಪೂಜೆಗೆ ಭಟ್ಟರು ಇಬ್ಬರನ್ನೂ ಕರೆದಿದ್ದರು. ಚಾವಡಿಯಲ್ಲಿ ಕಾರಿನ ಕೀ, ಹುಲ್ಲು ಕತ್ತರಿಸುವ ಯಂತ್ರ, ಮದ್ದು ಬಿಡುವ ಪಂಪು, ಲ್ಯಾಪ್‌ಟಾಪು ಎಲ್ಲವೂ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕುಳಿತಿದ್ದವು. ನಡುವೆ ಕೆಂಪು ಪಟ್ಟೆವಸ್ತ್ರದ ಮೇಲೆ ಕೋವಿ. ಸೇವಂತಿಗೆಯ ಮಾಲೆಯನ್ನು ನಳಿಗೆಗೆ ಸುತ್ತಿ, ಟ್ರಿಗರಿನ ಸುತ್ತಲಿನ ಬಳೆಯೊಳಗಿಂದ ತೂರಿಸಿ, ಹಿಡಿಯ ತನಕ ತಂದು ಬಾಳೆನಾರಿನಿಂದ ಬಿಗಿದಿದ್ದರು. ಬಾಯಿ ಪೂರ್ವಕ್ಕೆ ಇರಬೇಕೆಂದು ಭಟ್ಟರೇ ದಿಕ್ಕು ನೋಡಿ ಇಟ್ಟದ್ದು. ಪೂರ್ವಕ್ಕೆ ಅಡುಗೆಮನೆಯ ಬಾಗಿಲು. ಭಟ್ಟರ ಹೆಂಡತಿ ವಸುಧಾ ಪಾಯಸ, ಹಣ್ಣು, ಆರತಿ ಎಂದು ಅದೇ ಬಾಗಿಲಲ್ಲಿ ಹೋಗಿ ಬರುತ್ತಿದ್ದರು.

ಹುಕ್ರಪ್ಪ ಚಾಪೆಯ ಮೇಲೆ ಕೂರಲಿಲ್ಲ. “ಬೆಳಿಗ್ಗೆ ಎರಡು ಈಡು ಕೇಳಿತು ಭಟ್ರೇ” ಎಂದ.

“ಹೌದು ಹುಕ್ರಪ್ಪಣ್ಣ, ದೊಡ್ಡ ಹಿಂಡು ಬಂದಿತ್ತು. ಓಡಿಸಿದೆ.”

“ಮತ್ತೆ ತೋಟೆ ತುಂಬಿದಿರಾ?”

“ತುಂಬಿದೆ, ತಿರುಗಿ ಬಂದರೆ ಅಂತ. ಮತ್ತೆ ತೆಗೆದೆ ಅಂತ ಕಾಣ್ತದೆ.”

“ಕಾಣ್ತದೆಯಾ, ತೆಗೆದದ್ದಾ?”

ಭಟ್ಟರು ನಕ್ಕರು. “ಎಂಥ ಅಡ್ಡ ಪ್ರಶ್ನೆ ನಿಮ್ಮದು. ಸೇಫ್ಟಿ ಉಂಟಲ್ಲ.”

“ಒಮ್ಮೆ ತೆರೆದು ನೋಡುವ.”

“ಮಾಲೆ ಹಾಕಿ ಆಗಿದೆ. ಮಾಲೆ ಹಾಕಿದ ಮೇಲೆ ಆಯುಧವನ್ನು ಮುಟ್ಟಬಾರದು, ನಾಳೆ ವಿಸರ್ಜನೆ ಆದ ಮೇಲೆ ತೆರೆದರೆ ಆಯಿತು. ಗೊತ್ತಿಲ್ಲವಾ ನಿಮಗೆ?”

ಮೇಷ್ಟ್ರು ಹುಕ್ರಪ್ಪನ ಅಂಗಿಯ ತುದಿ ಹಿಡಿದು ಎಳೆದರು. “ಕೂತುಕೋ ಮಾರಾಯ. ಒಂದು ರಾತ್ರಿಯ ವಿಷಯ.” ಅದು ಅವರು ಆಡಿದ ಮಾತು, ಶಬ್ದಕ್ಕೆ ಶಬ್ದ.

ವಸುಧಾ ಪಾಯಸದ ಪಾತ್ರೆ ಹಿಡಿದು ಮತ್ತೆ ಬಾಗಿಲಿಗೆ ಬಂದರು. ಹುಕ್ರಪ್ಪ, “ಅಕ್ಕ, ಸ್ವಲ್ಪ ಆಚೆ ನಿಲ್ಲಿ” ಎಂದವನೇ ಮುಂದೆ ಹೋಗಿ, ನಾರನ್ನು ಬೆರಳಿನಿಂದ ಕಡಿದು, ಟ್ರಿಗರಿನ ಹತ್ತಿರದ ಹೂವನ್ನು ಎಳೆಯದೆ ಒಂದೊಂದಾಗಿ ಬಿಡಿಸಿದ. ಕೋವಿಯ ಬಾಯಿಯನ್ನು ಖಾಲಿ ಅಂಗಳದ ಮಣ್ಣಿನ ಕಡೆಗೆ ತಿರುಗಿಸಿ ಎತ್ತಿ ಮಡಚಿದ. ಎರಡು ಹಿತ್ತಾಳೆಯ ಕಣ್ಣುಗಳು ಹೊಳೆದವು. ಎರಡೂ ತುಂಬಿದ ತೋಟೆಗಳು. ಭಟ್ಟರು ಹೇಳಿದ ಸೇಫ್ಟಿಯ ಗುಂಡಿ ಮುಂದಕ್ಕೆ ಸರಿದೇ ಇತ್ತು, ಅಂದರೆ ಈಡಿಗೆ ಯಾವ ತಡೆಯೂ ಇರಲಿಲ್ಲ. ತೋಟೆಗಳನ್ನು ಕಿತ್ತು ವೀಳ್ಯದ ಹರಿವಾಣದಲ್ಲಿ ಇಟ್ಟು, ತೆರೆದ ಕೋವಿಯನ್ನು ಪಟ್ಟೆಯ ಮೇಲೆ ಮಲಗಿಸಿದ.

ಆ ಚಾವಡಿಯಲ್ಲಿ ಹದಿನೈದು ಜನ ಇದ್ದಿರಬೇಕು. ಮೂವರು ಪದವೀಧರರು, ಇಬ್ಬರು ಉಪನ್ಯಾಸಕರು, ಒಬ್ಬರು ನಿವೃತ್ತ ಮೇಷ್ಟ್ರು. ಹರಿವಾಣದ ತೋಟೆಗಳತ್ತ ಒಬ್ಬರೂ ತಿರುಗಲಿಲ್ಲ. ಎಲ್ಲರೂ ಉದುರಿದ ಹೂವನ್ನು ನೋಡಿದರು.

“ಪೂಜೆ ಕೆಡಿಸಿದಿರಿ” ಎಂದರು ಭಟ್ಟರು. “ಅಪಶಕುನ ಆಯಿತು.”

ವಸುಧಾ ಮಾತ್ರ ಪಾತ್ರೆಯನ್ನು ಕೆಳಗಿಟ್ಟು ಬಾಗಿಲಿನ ದಾರಂದಕ್ಕೆ ಒರಗಿ ನಿಂತರು. ಅವರ ಕಣ್ಣು ತೋಟೆಗಳ ಮೇಲಿತ್ತು. ಹುಕ್ರಪ್ಪ ಊಟ ಮಾಡದೆ ಹೊರಟ. ಮೇಷ್ಟ್ರೂ ಹಿಂದೆ ಹೋದರು, ಆದರೆ ಪಾಯಸ ಮುಗಿಸಿ.

ದಾರಿಯಲ್ಲಿ ಹುಕ್ರಪ್ಪ ಕಾದು ನಿಂತಿದ್ದ. “ಮಾಷ್ಟ್ರೇ, ಒಂದು ಅರ್ಜಿ ಬರೆದು ಕೊಡಿ. ನನ್ನ ಸಹಿಯನ್ನು ಹಿಂದೆ ತೆಗೆದುಕೊಳ್ತೇನೆ ಅಂತ. ಇವರ ಕೈಯಲ್ಲಿ ಕೋವಿ ಇರಬಾರದು ಅಂತ. ನನಗೆ ಠಾಣೆಯ ಕನ್ನಡ ಬರುವುದಿಲ್ಲ.”

“ಬರೆಯುವ, ಬರೆಯುವ” ಎಂದರು ಮೇಷ್ಟ್ರು.

ನಮ್ಮ ಕಡೆ ಹೋಗುವ, ಮಾಡುವ, ಬರೆಯುವ ಎಂದರೆ ಎಷ್ಟು ತಿಂಗಳೂ ಎಳೆಯಬಹುದು. ಮೇಷ್ಟ್ರು ಮೂರು ತಿಂಗಳು ಎಳೆದರು. ನೆರೆಯವರೊಡನೆ ನಿಷ್ಠುರ ಯಾಕೆ ಎಂದುಕೊಂಡರು. ಕಣ್ಣಿನ ಆಪರೇಷನ್ನಿಗೆ ಭಟ್ಟರ ಕಾರಿನಲ್ಲೇ ಮಂಗಳೂರಿಗೆ ಹೋಗಿ ಬಂದರು. ಹುಕ್ರಪ್ಪ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗಲೆಲ್ಲ “ಬರೆದಿರಾ ಮಾಷ್ಟ್ರೇ?” ಎಂದು ಕೇಳುತ್ತಿದ್ದ. ಕೊನೆಕೊನೆಗೆ ಕೇಳುವುದನ್ನೂ ಬಿಟ್ಟ. ಈಡಿನ ಶಬ್ದಕ್ಕೆ ಕಿವಿಗೊಡುವುದನ್ನು ಮಾತ್ರ ಬಿಡಲಿಲ್ಲ ಎಂದು ಆಮೇಲೆ ಸೇಸಮ್ಮ ಹೇಳಿದರು.

ಜನವರಿಯ ಒಂದು ಬೆಳಿಗ್ಗೆ ರಬ್ಬರು ಟ್ಯಾಪಿಂಗಿಗೆ ಹೋದವನು ಹನ್ನೊಂದನೆಯ ಮರದ ಬುಡದಲ್ಲಿ ಕುಳಿತ, ಏಳಲಿಲ್ಲ. ಹೃದಯ ನಿಂತದ್ದು ಎಂದರು ಡಾಕ್ಟರು. ಕೋವಿಗೂ ಅವನ ಸಾವಿಗೂ ಯಾವ ಸಂಬಂಧವೂ ಇಲ್ಲ.

ಸಂಬಂಧ ಹುಟ್ಟಿಸಲು ಭಟ್ಟರು ಬಂದರು. ಅವನದೇ ಜಾಗದ ಅಂಚಿನಲ್ಲಿ ಚಿತೆ ಒಟ್ಟಿದ್ದರು. ಹೆಂಗಸರು ಕೂರಲೆಂದು ಅಂಗಳಕ್ಕೆ ನೀಲಿ ಟರ್ಪಾಲು ಕಟ್ಟಿದ್ದರು. ಭಟ್ಟರು ಕೋವಿಯನ್ನು ಬಾಯಿ ಹಿಂದಕ್ಕಾಗುವಂತೆ ಹೆಗಲ ಮೇಲೆ ಇಟ್ಟುಕೊಂಡು ಗದ್ದೆಯ ಅಂಚಿನಲ್ಲಿ ನಡೆದು ಬಂದರು. ಅವರ ಹಿಂದೆ ಸಾಲಾಗಿ ಬರುತ್ತಿದ್ದವರ ಎದೆಗಳಿಗೆ ನಳಿಗೆಯ ಬಾಯಿ ಒಂದೊಂದಾಗಿ ಹಾಜರಿ ಕರೆಯುತ್ತಿತ್ತು. “ನನ್ನ ಗುರುಗಳು. ಗೌರವಕ್ಕೆ ಒಂದು ಈಡು” ಎಂದರು. ಯಾರೂ ಬೇಡ ಅನ್ನಲಿಲ್ಲ. ಒಬ್ಬರು ಮೊಬೈಲು ಎತ್ತಿ ಹಿಡಿದರು.

ಭಟ್ಟರು ಆಕಾಶಕ್ಕೆ ಹೊಡೆದರು. ಸ್ವಲ್ಪ ಹೊತ್ತಿನ ಮೇಲೆ ಹೆಂಗಸರ ತಲೆಯ ಮೇಲಿನ ಟರ್ಪಾಲಿಗೆ ಪಟಪಟ ಎಂದು ಸೀಸದ ಕಾಳುಗಳು ಉದುರಿದವು.

ಟರ್ಪಾಲಿನ ಕೆಳಗೆ ಕುಳಿತಿದ್ದ ಸೇಸಮ್ಮ ತಲೆ ಎತ್ತಿದರು. “ಅದು ಎಲ್ಲಿ ಬಿತ್ತು?”

“ಮೇಲಕ್ಕೆ ಹೊಡೆದದ್ದು ಸೇಸಮ್ಮ. ಹೆದರಬೇಡಿ.”

“ಮೇಲಕ್ಕೆ ಹೊಡೆದದ್ದು ಎಲ್ಲಿ ಬಿತ್ತು ಅಂತ ಕೇಳಿದ್ದು ನಾನು.”

ಭಟ್ಟರು ಆಕಾಶವನ್ನು ನೋಡಿದರು. ಮೇಲೆ ಹೋದದ್ದು ಮೇಲೆಯೇ ಇರುತ್ತದೆ ಎಂಬ ನಂಬಿಕೆಯಲ್ಲಿ ಎಂ.ಕಾಂ. ಮುಗಿಸಿದವರು. ಮೇಷ್ಟ್ರು ಸೇಸಮ್ಮನ ಮುಖ ನೋಡಲಾರದೆ ಚಿತೆಯ ಕಡೆಗೆ ತಿರುಗಿ ನಿಂತರು. ಗೆಳೆಯನಿಗಾಗಿ ಅಳಬೇಕಾಗಿದ್ದ ಹೊತ್ತಿನಲ್ಲಿ ಅವರಿಗೆ ಬಂದದ್ದು ಹೇಸಿಗೆ; ಅದರಲ್ಲಿ ಭಟ್ಟರ ಪಾಲು ಎಷ್ಟು, ತಮ್ಮ ಪಾಲು ಎಷ್ಟು ಎಂದು ಬೇರ್ಪಡಿಸಲು ಆಗಲಿಲ್ಲ.

ಐದನೆಯ ದಿನ ಬೆಳಿಗ್ಗೆ ಅವರು ಅರ್ಜಿ ಬರೆದುಕೊಂಡು ಠಾಣೆಗೆ ಹೋದರು. ಎರಡು ಪುಟ, ತಪ್ಪಿಲ್ಲದ ಕನ್ನಡ. ಮೇಜಿನ ಹಿಂದೆ ಕುಳಿತಿದ್ದ ಹೆಡ್ ಕಾನ್‌ಸ್ಟೇಬಲ್ ಮೂಸಬ್ಬ ಎರಡೂ ಪುಟಗಳನ್ನು ನಿಧಾನವಾಗಿ ಓದಿದರು.

“ಸಹಿ ಹಿಂದೆ ತೆಗೆಯಬೇಕು ಅಂತ ಬರೆದಿದ್ದೀರಿ. ಸಹಿ ಹಾಕಿದವರು ತೀರಿಕೊಂಡಿದ್ದಾರಲ್ಲ ಮಾಷ್ಟ್ರೇ.”

“ಹಾಕಿಸಿದವನು ಬದುಕಿದ್ದೇನೆ.”

ಮೂಸಬ್ಬರು ಪುಟ ತಿರುಗಿಸಿದರು. “ಪೂಜೆಯ ದಿನ ನೀವು ಅಲ್ಲಿ ಇದ್ದಿರಾ?”

“ಇದ್ದೆ.”

“ಮೊನ್ನೆ ಈಡು ಹೊಡೆಯುವಾಗ?”

“ಆಗಲೂ ಇದ್ದೆ.”

“ಬೇಡ ಅಂತ ಹೇಳಿದಿರಾ?”

“ಇಲ್ಲ.”

“ಮೊನ್ನೆಯದ್ದಕ್ಕೆ ಕೇಸು ಆಗ್ತದೆ, ಕೋವಿಯನ್ನು ಇವತ್ತೇ ತರಿಸುವ. ಆದರೆ ಭಟ್ಟರ ಕಡೆಯ ವಕೀಲರು, ನೀವು ಯಾಕೆ ತಡೆಯಲಿಲ್ಲ ಅಂತಲೇ ಮೊದಲು ಕೇಳ್ತಾರೆ. ನೀವೇ ಬರೆದು ಕೊಟ್ಟರೆ ಒಳ್ಳೆಯದು” ಎಂದು ಮೂಸಬ್ಬರು ಪೆನ್ನನ್ನು ಮುಂದಕ್ಕೆ ಚಾಚಿದರು.

ಮೇಷ್ಟ್ರು ಎರಡನೆಯ ಪುಟದ ಕೊನೆಯಲ್ಲಿ, ತಮ್ಮ ಹೆಸರಿನ ಮೇಲೆ ಉಳಿದಿದ್ದ ಜಾಗದಲ್ಲಿ ಬರೆದರು: ಈ ಎರಡೂ ಸಂದರ್ಭಗಳಲ್ಲಿ ನಾನು ಸ್ಥಳದಲ್ಲಿ ಹಾಜರಿದ್ದೆ. ಅಪಾಯ ನನಗೆ ತಿಳಿದಿತ್ತು. ಮೊದಲನೆಯ ಸಲ, ತಡೆಯಲು ಎದ್ದವನನ್ನು ಅಂಗಿ ಹಿಡಿದು ಕೂರಿಸಲು ನೋಡಿದೆ. ಎರಡನೆಯ ಸಲ ಸುಮ್ಮನಿದ್ದೆ.

ಕೆಳಗೆ ಸಹಿ ಹಾಕಿ, ತಾರೀಕು ಬರೆದು, ಕಾಗದವನ್ನು ಮೂಸಬ್ಬರ ಕಡೆಗೆ ತಳ್ಳಿದರು.